ಗಾಳಿಗೆ ನೀರು ಹೊಡೆಯುವ ಅಜ್ಜ

“ಅಮ್ಮಾ, ಪಕ್ಕದ್ಮನೆ ಅಜ್ಜ ಯಾಕ ಗಾಳಿಗೆ ನೀರು ಹೊಡೀತಾರೆ?”

ಐದು ವರ್ಷದ ಐಶ್ವರ್ಯ ಕಿಟಕಿ ಸರಳಿಗೆ ಮೂಗು ಒತ್ತಿ ಹೀಗೆ ಕೇಳಿದಾಗ ಶಾಂತಲಾ ದೋಸೆ ಮಗುಚುತ್ತಿದ್ದಳು. ಬಗ್ಗಿ ನೋಡಿದರೆ ಮಗಳ ಮಾತು ಸುಳ್ಳಲ್ಲ. ಪಕ್ಕದ ಮನೆಯ ವಾಮದೇವಪ್ಪನವರು, ಕಟಿಂಗ್ ಶಾಪಿನಲ್ಲಿರುವಂಥ ನೀರಿನ ಬಾಟಲಿ ಹಿಡಿದು, ಖಾಲಿ ಕೋಣೆಯ ನಡುವೆ ನಿಂತು ಬುಸ್ ಬುಸ್ ಎಂದು ಮೇಲಕ್ಕೆ ಹೊಡೆಯುತ್ತಿದ್ದರು. ಆಮೇಲೆ ಯಾರೋ ಬರುವುದನ್ನು ಕಾಯುವವರಂತೆ ಕೈಕಟ್ಟಿ ನಿಂತರು.

ತಟ್ಟೆಯಲ್ಲಿ ಎರಡು ದೋಸೆ ಹಾಕಿಕೊಂಡು ಶಾಂತಲಾ ಅಲ್ಲಿಗೇ ಹೋದಳು. “ಏನ್ ಅಜ್ಜಾರೆ, ಗಾಳಿಗೂ ಸ್ನಾನ ಮಾಡಿಸ್ತೀರೇನು?”

“ನಾಯಿ ಕೂದಲು ಇಳೀಲಿ ಅಂತ ಕಾಯ್ತಿದೀನವ್ವ,” ಎಂದರು ಅವರು. “ಮೂವತ್ತೆರಡು ವರ್ಷ ಮಿಲ್ಲಿನಾಗೆ ಹತ್ತಿ ಧೂಳು ತಿಂದೋನು ನಾನು. ಒಣಗಿದ್ದಂಗೇ ಗುಡಿಸಿದ್ರೆ ಅದು ಎದ್ದು ಗೋಡೆ ಹಿಡೀತೈತೆ. ತೇವ ಮಾಡಿದ್ರೆ ಭಾರ ಆಗಿ ತಾನೇ ಕೆಳಗೆ ಬರ್ತೈತೆ. ಆಮೇಲೆ ಒದ್ದೆ ಬಟ್ಟೇಲಿ ಒರೆಸ್ಕೊಂಡ್ರೆ ಆತು.”

ಅದು ೧೯೯೮ರ ಮಾತು. ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ಆ ಎರಡು ಕೋಣೆಯ ಮನೆಯಲ್ಲಿ ವಾಮದೇವಪ್ಪ ಮತ್ತು ಬೆಳ್ಳಿ, ಇಬ್ಬರೇ. ಬೆಳ್ಳಿ ಎಂದರೆ ಹಿಂಜಿದ ಹತ್ತಿಯುಂಡೆಯಂಥ ಪಾಮೇರಿಯನ್ ನಾಯಿ. ಸಾಕಿದ್ದು, ಹೆಸರಿಟ್ಟಿದ್ದು ಹೆಂಡತಿ ಕೊಟ್ರಮ್ಮ. ಹಿಂದಿನ ವರ್ಷದ ದೀಪಾವಳಿಗೆ ಮೊದಲೇ ಆಕೆ ತೀರಿಹೋಗಿದ್ದರು. ಒಬ್ಬಳೇ ಮಗಳು ನಯನಾಳನ್ನು ಹರಿಹರಕ್ಕೆ ಕೊಟ್ಟಿತ್ತು. ಅವಳಿಗೀಗ ಎಂಟು ತಿಂಗಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ. ಆದರೆ ಅವಳ ಅತ್ತೆ ಕಸ್ತೂರಮ್ಮ ಹೇಳಿಕಳಿಸಿದ್ದರು: “ತಾಯಿ ಇಲ್ಲದ ಮನೆ, ಮೇಲೆ ನಾಯಿ ಬೇರೆ. ಹಾಲಿನಾಗೆ ಕೂದಲು ಬಿದ್ರೆ ತೆಗೀಬಹುದು, ಮಗು ಮೂಗಿನಾಗೆ ಹೋದ್ರೆ ಯಾರು ತೆಗೀತಾರೆ? ಭಾನುವಾರ ಬಂದು ನೋಡ್ತೀನಿ. ಒಂದು ಕೂದಲು ಕಂಡ್ರೂ ಬಾಣಂತನ ಹರಿಹರದಾಗೇ.”

“ಬೆಳ್ಳೀನ ಶಾಮನೂರಿನಾಗೆ ಯಾರ್ದಾದ್ರೂ ತೋಟಕ್ಕೆ ಬಿಡ್ರಿ, ಮೂರು ತಿಂಗಳ ಮಟ್ಟಿಗೆ,” ಎಂದಳು ಶಾಂತಲಾ.

“ಬಿಟ್ಟಿದ್ದೆ ಕಣವ್ವ. ಎರಡು ದಿನ ಅದು ಅನ್ನ ಮುಟ್ಟಲಿಲ್ಲ. ಮೂರನೇ ದಿನ ನಾನೂ ಮುಟ್ಟಲಿಲ್ಲ. ಹೋಗಿ ಕರ್ಕೊಂಡು ಬಂದೆ.”

ಇದಾದ ಮೇಲೆ ಶಾಂತಲಾ ಸೆರಗು ಸಿಕ್ಕಿಸಿಕೊಂಡಳು. ವಾರವಿಡೀ ಕೆಲಸ. ಫ್ಯಾನ್ ನಿಲ್ಲಿಸಿ ಅದರ ರೆಕ್ಕೆ ಒರೆಸಿದ್ದಾಯಿತು. ದಿವಾನದ ಹೊದಿಕೆಯ ಮೇಲೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಒಂದೇ ದಿಕ್ಕಿಗೆ ಉಜ್ಜುವುದನ್ನು ಅಜ್ಜ ತೋರಿಸಿಕೊಟ್ಟರು. ಕೂದಲೆಲ್ಲ ಸುತ್ತಿಕೊಂಡು ಬತ್ತಿಯಂತಾಗಿ ಬರುತ್ತಿತ್ತು. ಕುರ್ಚಿಯ ಹೆಣಿಗೆಯೊಳಗಿನದಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಬೆಳ್ಳಿಗೆ ದಿನಾ ಹಿತ್ತಲಿನಲ್ಲೇ ಬಾಚಣಿಕೆ. ಬಾಚಿದ್ದನ್ನು ಐಶು ಬೆಂಕಿಪೊಟ್ಟಣದಲ್ಲಿ ತುಂಬಿ, “ಗೊಂಬೆ ದಿಂಬಿಗೆ” ಎಂದು ಮನೆಗೆ ತಂದು ಬೈಸಿಕೊಂಡಳು.

“ಮಗೀನ ಬಟ್ಟೆ?” ಎಂದು ಶಾಂತಲಾ ಕೇಳಿದ್ದಳು. “ನಯನಾನ ಅವ್ವನ ಹಳೇ ಸೀರೆ ಅದಾವೆ, ಟ್ರಂಕಿನಾಗೆ. ಅದನ್ನ ನಾನು ನೋಡ್ಕೊಳ್ತೀನಿ,” ಎಂದು ಅವರು ಮಾತು ಮುಗಿಸಿಬಿಟ್ಟಿದ್ದರು.

ಭಾನುವಾರ ಕಸ್ತೂರಮ್ಮ ಬಂದವರು ಬೇಕೆಂದೇ ಕಡುನೇರಳೆ ಸೀರೆ ಉಟ್ಟಿದ್ದರು. ದಿವಾನದ ಮೇಲೆ ಕೂತರು, ಕುರ್ಚಿಯ ಮೇಲೆ ಕೂತರು, ಎದ್ದು ಶಾಂತಲಾಗೆ ಬೆನ್ನು ತಿರುಗಿಸಿದರು. “ನೋಡವ್ವ, ಹಿಂದೆ ಏನಾರ ಅಂಟೈತಾ?”

“ಏನೂ ಇಲ್ರಿ.”

“ಬೀಗರು ಗಂಡಸಾಗಿ ಮನೇನ ಕನ್ನಡಿ ಮಾಡ್ಯಾರಲ್ಲ!” ಎಂದು ನಕ್ಕರು. “ಮಗೀಗೆ ಹಳೇ ಸೀರೆ ತೆಗ್ದಿಟ್ಟೀರಾ?”

ವಾಮದೇವಪ್ಪ ಮಂಚದಡಿಯಿಂದ ಟ್ರಂಕು ಎಳೆದರು. ಮೇಲೆ ಒಗೆದು ಮಡಿಸಿದ ಸೀರೆಯ ತುಂಡುಗಳು. ಕಸ್ತೂರಮ್ಮನ ಕೈ ಮೆತ್ತಗಿನದನ್ನು ಹುಡುಕುತ್ತ ತಳಕ್ಕೆ ಹೋಯಿತು.

“ಅದು ಬ್ಯಾಡ್ರಿ ಅಕ್ಕಾರೆ...”

ಅಷ್ಟರಲ್ಲಿ ಸೀರೆ ಹೊರಗೆ ಬಂದಿತ್ತು. ಹಸಿರು ನೂಲಿನ ಸೀರೆ, ಬಳಸಿ ಬಳಸಿ ಬೆಣ್ಣೆಯಂತಾದದ್ದು. ಮಡಿಲ ಭಾಗದ ತುಂಬ ಬಿಳಿ ಕೂದಲು. ಮನೆಯಲ್ಲಿ ಅಜ್ಜ ನೀರು ಮುಟ್ಟಿಸದೆ ಬಿಟ್ಟಿದ್ದು ಇದೊಂದನ್ನೇ.

“ಏನ್ರಿ ಇದು, ಬೀಗ್ರೆ?”

“ಆಸ್ಪತ್ರೆಗೆ ಹೋಗೋ ದಿನ ಬಿಚ್ಚಿಟ್ಟಿದ್ದು. ಬೆಳ್ಳಿ ಅವಳ ಮಡಿಲಾಗೇ ಮಲಗ್ತಿತ್ತು.” ಅವರು ನೆಲ ನೋಡುತ್ತಿದ್ದರು. “ಹಂಗೇ ಇರ್ಲಿ ಅಂತ ಒಗಿಸಿಲ್ಲ.”

ಕಸ್ತೂರಮ್ಮ ಸೀರೆಯನ್ನು ಕೊಡವಲಿಲ್ಲ. ಇದ್ದ ಮಡಿಕೆಯಲ್ಲೇ ಮಡಿಸಿದರು. ಹಿತ್ತಲ ಬಾಗಿಲಲ್ಲಿ ಬೆಳ್ಳಿ ಹೊಸ್ತಿಲ ಮೇಲೆ ಗದ್ದ ಊರಿ ಇಣುಕುತ್ತಿತ್ತು.

“ಮಗು ಮೊದಲು ಅಜ್ಜಿ ಸೀರ‍್ಯಾಗೇ ಮಲಗ್ಬೇಕು, ಬೀಗ್ರೆ. ಇದನ್ನ ಒಗದು, ಚಲೋ ಬಿಸಿಲಿಗೆ ಹಾಕಿಡ್ರಿ. ಗುರುವಾರ ನಯನಾನ ನಾನೇ ಕರ್ಕೊಂಡು ಬರ್ತೀನಿ. ಆ ನಾಯಿ ಮಾತ್ರ ಆ ಹೊಸ್ತಿಲು ದಾಟಬಾರ್ದು, ನೋಡ್ರಿ ಮತ್ತೆ.”

ಸೋಮವಾರ ಕಳೆಯಿತು, ಮಂಗಳವಾರವೂ ಕಳೆಯಿತು. ವಾಮದೇವಪ್ಪನವರ ಹಿತ್ತಲ ತಂತಿಯ ಮೇಲೆ ಎಲ್ಲ ಬಟ್ಟೆ ಬಂತು, ಹಸಿರು ಸೀರೆ ಬರಲಿಲ್ಲ. ಬುಧವಾರ ಬೆಳಿಗ್ಗೆ ಶಾಂತಲಾ ಬಟ್ಟೆ ನೆನೆಹಾಕುತ್ತಿದ್ದಾಗ ಅವರು ಕಾಂಪೌಂಡಿನಾಚೆ ಬಂದು ನಿಂತರು. ಎರಡೂ ಕೈ ಮೇಲೆ ಸೀರೆ, ಕೂಸನ್ನು ಎತ್ತಿಕೊಂಡ ಹಾಗೆ.

“ಶಾಂತವ್ವ, ಮನ್ಯಾಗಿನ ಕೂದಲೆಲ್ಲ ನಾನೇ ತೆಗ್ದೆ. ಇದನ್ನ ಮೂರು ದಿನದಿಂದ ಬಕೀಟಿನ ತನಕ ಒಯ್ತೀನಿ, ವಾಪಸ್ ತರ್ತೀನಿ. ಇದೊಂದನ್ನ ನೀನು ಒಗದು ಕೊಡ್ತೀಯೇನವ್ವ?”