ಪಾಠ ಹೇಳಿದ್ದಕ್ಕೆ ದಾಖಲೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಕೋಲಾರದ ಒಂದು ಖಾಸಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕನಾಗಿದ್ದೆ. ಆ ತಾತ್ಕಾಲಿಕಕ್ಕೆ ಆಗಲೇ ಏಳನೆಯ ವರ್ಷ ನಡೆಯುತ್ತಿತ್ತು. ಆ ಬೇಸಿಗೆಯಲ್ಲಿ ಆಡಳಿತ ಮಂಡಳಿಯವರು ಒಂದು ಹುದ್ದೆಯನ್ನು ಕಾಯಂ ಮಾಡಲು ಮನಸ್ಸು ಮಾಡಿದರು. ಒಂದು ಹುದ್ದೆಗೆ ಇಬ್ಬರು ಉಮೇದುವಾರರು: ನಾನು, ಮತ್ತು ಅದೇ ಮಂಡಳಿಯ ಮಾಲೂರು ಕಾಲೇಜಿನಲ್ಲಿ ನನ್ನ ಹಾಗೆಯೇ ನೇತಾಡುತ್ತಿದ್ದ, ನನಗಿಂತ ಚಿಕ್ಕವನಾದ ಒಬ್ಬ. ಪಾಠ ಮಾಡಿದ್ದಕ್ಕೆ ದಾಖಲೆಗಳ ಫೈಲು ಸಿದ್ಧಪಡಿಸಿ ಸಮಿತಿಯ ಮುಂದೆ ಹಾಜರಾಗಬೇಕೆಂದು ಇಬ್ಬರಿಗೂ ಪತ್ರ ಬಂತು.

ಫೈಲು ಕೊಂಡು ತಂದೆ. ಫಲಿತಾಂಶದ ಪಟ್ಟಿ ಹಾಕಿದೆ. ಪ್ರಾಂಶುಪಾಲರ ಎರಡು ಸಾಲಿನ ಪ್ರಶಂಸೆ ಹಾಕಿದೆ. ಅದರಲ್ಲಿ ಒಂದು ಸಾಲು ನಾನು ಹೊತ್ತಿಗೆ ಸರಿಯಾಗಿ ಬರುವುದಕ್ಕೇ ಮೀಸಲಾಗಿತ್ತು. ಇನ್ನು ಬೇಕಾಗಿದ್ದುದು ಪಾಠದ ಟಿಪ್ಪಣಿಗಳು. ಅವು ನನ್ನ ಹತ್ತಿರ ಒಂದು ಹಾಳೆಯಷ್ಟೂ ಇರಲಿಲ್ಲ. ಕಾಗದ ನೋಡಿ ಪಾಠ ಹೇಳುವವನು ಗುಮಾಸ್ತನೇ ಹೊರತು ಮೇಷ್ಟ್ರಲ್ಲ ಎಂಬ ಘನ ಸಿದ್ಧಾಂತವೊಂದನ್ನು ನಾನು ಏಳು ವರ್ಷ ಪಾಲಿಸಿಕೊಂಡು ಬಂದಿದ್ದೆ. ಅದಕ್ಕೆ ಬೇರೆ ಅನುಯಾಯಿಗಳಿರಲಿಲ್ಲ.

ನಮ್ಮ ಕಡೆ ಒಂದು ರೂಢಿಯಿತ್ತು. ಪಾಸಾದವರು ತಮ್ಮ ನೋಟ್ಸನ್ನು ಮುಂದಿನ ವರ್ಷದವರಿಗೆ ದಾಟಿಸುತ್ತಿದ್ದರು. ಅವರು ನಕಲು ಮಾಡಿಕೊಂಡು ಮತ್ತೊಬ್ಬರಿಗೆ ದಾಟಿಸುತ್ತಿದ್ದರು. ಹೋಳೂರಿನ ರೈತರೊಬ್ಬರ ಮಗಳು, ಮೂರು ನಾಲ್ಕು ವರ್ಷದ ಹಿಂದೆ ಪಾಸಾದವಳು, ತರಗತಿಯಲ್ಲಿ ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಳು. ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ ಅವಳ ತಂದೆ ನನ್ನ ಅಹವಾಲನ್ನು ಪೂರ್ತಿ ಕೇಳಿದರು.

“ಹೇಳ್ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದವ್ರೆ ಕಣಮ್ಮ ನಿಮ್ಮ ಮೇಷ್ಟ್ರು. ಇದ್ರೆ ಕೊಟ್ಬಿಡು,” ಎಂದರು ಮಗಳಿಗೆ.

ಇರಲಿಲ್ಲ. ಮುಳಬಾಗಿಲಿನ ಚಿಕ್ಕಮ್ಮನ ಮಗಳಿಗೆ ಕೊಟ್ಟಿದ್ದಳು; ಅವಳು ಶ್ರೀನಿವಾಸಪುರದ ಗೆಳತಿಗೆ ಕೊಟ್ಟಿದ್ದಳು. ಎರಡು ದಿನ ನನ್ನ ಪಾಠದ ಹಿಂದೆ ನಾನೇ ಬಸ್ಸಿನಲ್ಲಿ ಅಲೆದು, ಶ್ರೀನಿವಾಸಪುರದಲ್ಲಿ ಅದನ್ನು ಹಿಡಿದೆ. ಬರುವಾಗ ದಾರಿಯುದ್ದಕ್ಕೂ ಓದಿದೆ. ನಾನು ತೆಲುಗಿನಲ್ಲಿ ಬಿಡಿಸಿ ಹೇಳಿದ್ದು ಕನ್ನಡ ಅಕ್ಷರದಲ್ಲಿ ತೆಲುಗಾಗಿಯೇ ಇತ್ತು. ‘ಹಿಂದಿನ ಬೆಂಚಿನವರು ಮಾತು ನಿಲ್ಲಿಸಿ’ ಎಂಬುದು ಬೇಡಿಕೆಯ ನಿಯಮಗಳ ನಡುವೆ ಮೂರನೆಯ ನಿಯಮವಾಗಿ ನಿಂತಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದುಕೊಂಡು ಫೈಲಿಗೆ ಸೇರಿಸಿದೆ.

ಸಮಿತಿಯಲ್ಲಿ ಹೊರಗಿನಿಂದ ಬಂದ ವಿಷಯತಜ್ಞರೊಬ್ಬರಿದ್ದರು. ಅವರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಎರಡೂ ಫೈಲುಗಳನ್ನು ಅಕ್ಕಪಕ್ಕ ಬಿಡಿಸಿ, ಎರಡರ ಮೇಲೂ ಒಂದೊಂದು ಬೆರಳಿಟ್ಟು ಓದತೊಡಗಿದರು. ಬೆರಳುಗಳು ಜೊತೆಜೊತೆಗೇ ಕೆಳಗಿಳಿದವು. ಅದೇ ಪಾಠ, ಅದೇ ಕ್ರಮ, ಟೊಮೇಟೊ ಧಾರಣೆಯ ಅದೇ ಉದಾಹರಣೆ. ಮಾಲೂರಿನವನದು ಮುತ್ತು ಪೋಣಿಸಿದಂಥ ಅಕ್ಷರ. ಹಿಂದಿನ ಬೆಂಚಿನವರನ್ನು ಮಾತ್ರ ಅವನು ಕೈಬಿಟ್ಟಿದ್ದ.

“ಇದು ಅವರ ಕೈಬರಹ. ನಿಮ್ಮ ಫೈಲಲ್ಲಿರೋದು ಯಾರದು?” ಎಂದು ಕೇಳಿದರು.

“ವಿದ್ಯಾರ್ಥಿನಿಯದು ಸಾರ್. ನಾನು ಬರೀಲಿಲ್ಲ, ಹೇಳಿದೆ.”

“ಹೇಳಿದ್ದು ಫೈಲಿಗೆ ಬರಲ್ವಲ್ಲ ಇವರೇ,” ಎಂದರು, ನಿಜವಾದ ಮರುಕದಿಂದ.

ಆ ಹುಡುಗಿಯನ್ನೇ ಕರೆಸಿ ಕೇಳಬಹುದೆಂದೆ. ವಿದ್ಯಾರ್ಥಿಗಳ ಸಾಕ್ಷ್ಯಕ್ಕೆ ನಿಯಮಾವಳಿಯಲ್ಲಿ ಅವಕಾಶವಿಲ್ಲವೆಂದರು. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮಾಲೂರಿನವನು ಕಾಯಂ ಆದ. ನನ್ನ ತಾತ್ಕಾಲಿಕವನ್ನು ಒಂದು ವರ್ಷ ಮುಂದುವರಿಸಿದರು. ಅದಕ್ಕೆ ಕೃತಜ್ಞತೆ ಸಲ್ಲಿಸಿ ಹೊರಬಂದೆ.

ಮಾಲೂರಿನವನು ನನಗಿಂತ ಮೊದಲೇ ಹೊರಬಂದು ಕಾರಿಡಾರಿನಲ್ಲಿ ಕಾಯುತ್ತಿದ್ದ. ಎರಡು ವರ್ಷದ ಹಿಂದೆ ಮಾಲೂರಿನ ವಿದ್ಯಾರ್ಥಿಯೊಬ್ಬ ಆ ನೋಟ್ಸ್ ತಂದುಕೊಟ್ಟಿದ್ದನಂತೆ. ಯಾರ ಪಾಠವೆಂದು ಇವನು ಕೇಳಿರಲಿಲ್ಲ, ತಂದುಕೊಟ್ಟವನಿಗೂ ಗೊತ್ತಿರಲಿಲ್ಲ.

“ನಿಮ್ಮದು ಅಂತ ಒಳಗೇ ಗೊತ್ತಾಯ್ತು ಸಾರ್. ಹೇಳಿಬಿಡೋಣ ಅಂದ್ಕೊಂಡೆ. ಮನೇಲಿ ಇಬ್ಬರು ಮಕ್ಕಳು. ಬಾಯಿ ಬರಲಿಲ್ಲ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಗಾಗಿ ರೇಗುವುದಕ್ಕೂ ದಾರಿಯಿರಲಿಲ್ಲ. ಆಗಲಿ ಬಿಡಿ ಎಂದೆ. ಅವನು ಹೊರಡಲಿಲ್ಲ. ಸ್ವಲ್ಪ ಹೊತ್ತು ಸಂಕೋಚಪಟ್ಟು ಫೈಲು ಬಿಡಿಸಿದ.

“ಗೇಣಿಯ ಪಾಠದಲ್ಲಿ ಒಂದು ವಾಕ್ಯ ಅರ್ಧಕ್ಕೇ ನಿಂತಿದೆ ಸಾರ್. ಎರಡು ವರ್ಷದಿಂದ ಅದನ್ನ ಹಾರಿಸ್ಕೊಂಡು ಹೋಗ್ತಿದೀನಿ. ಅಲ್ಲಿ ಏನು ಹೇಳಿದ್ರಿ?”

ಹೇಳಿದೆ. ಅವನು ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯತೊಡಗಿದ. ಸ್ವಲ್ಪ ನಿಧಾನವಾಗಿ ಹೇಳಿ ಸಾರ್, ಎಂದ.

ನಿಧಾನವಾಗಿ ಹೇಳಿದೆ.