ಹೊರುವ ಕುರ್ಚಿ ಮತ್ತು ಮಾತು ಬಿಟ್ಟ ಇಬ್ಬರು

ನಾನು ನನ್ನ ಜೀವದ ಗೆಳೆಯನೊಂದಿಗೆ ಮಾತು ಬಿಟ್ಟದ್ದು ಒಂದು ವಂದನಾರ್ಪಣೆಯ ದೆಸೆಯಿಂದ. ಕೇಳಿದವರು ನಗುತ್ತಾರೆ, ನಗಲಿ. ನಮ್ಮ ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ಮೈಕಿನ ಬ್ಯಾಟರಿಯನ್ನು ಕಾಣಿಯೂರಿನಿಂದ ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿಸಿದವನು ನಾನು. ಅದರ ಆಸಿಡ್ ಚೆಲ್ಲಿ ನನ್ನ ಇದ್ದೊಂದು ಒಳ್ಳೆಯ ಅಂಗಿಯ ಹೆಗಲಿಗೆ ತೂತು ಬಿದ್ದಿತ್ತು. ಕಾರ್ಯದರ್ಶಿಯಾಗಿದ್ದ ನನ್ನ ಗೆಳೆಯ ಕೊನೆಗೆ ಚೀಟಿ ಹಿಡಿದು ನಿಂತ. ಅಧ್ಯಕ್ಷರಿಗೆ, ಅತಿಥಿಗಳಿಗೆ, ತೋರಣ ಕಟ್ಟಿದವರಿಗೆ, ಚಹಾ ಕಾಯಿಸಿದವರಿಗೆ, ಆ ಚಹಾಕ್ಕೆ ಹಾಲು ಕೊಟ್ಟ ಮನೆಯವರಿಗೆ, ಮಳೆ ಸುರಿಸದೆ ಉಪಕರಿಸಿದ ಆಕಾಶಕ್ಕೆ ಕೂಡ ವಂದನೆ ಸಲ್ಲಿಸಿದ. ನನ್ನ ಹೆಸರು ಬರಲಿಲ್ಲ. ನಾನು ಹೊತ್ತು ತಂದ ಬ್ಯಾಟರಿಯ ಮೈಕಿನಲ್ಲಿ ನನ್ನ ಹೆಸರೊಂದು ಬರಲಿಲ್ಲ.

ಮರುದಿನ ಅವನು ಎದುರು ಸಿಕ್ಕಾಗ, "ಇನ್ನು ನೀನು ನನ್ನ ಹತ್ತಿರ ಮಾತಾಡ್ಲಿಕ್ಕೆ ಇಲ್ಲ" ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ. "ಬೇಡ" ಎಂದೆ. ಮುಚ್ಚಿದ. ಅವನದೊಂದು ಕೆಟ್ಟ ಗುಣವೆಂದರೆ ಹೇಳಿದ್ದನ್ನು ಹೇಳಿದ ಹಾಗೆಯೇ ಪಾಲಿಸುವುದು. ನಾಲ್ಕು ದಿನದಲ್ಲಿ ಬಂದು ಗೋಗರೆಯುತ್ತಾನೆ, ನಾನು ಸ್ವಲ್ಪ ಬಿಗಿಹಿಡಿದು ಆಮೇಲೆ ಸಡಿಲಿಸುವುದು ಎಂದು ಲೆಕ್ಕ ಹಾಕಿದ್ದೆ. ಎರಡು ತಿಂಗಳಾದರೂ ಮನುಷ್ಯ ತುಟಿ ಬಿಚ್ಚಲಿಲ್ಲ. ನನಗೆ ಕೋಪ ಇಮ್ಮಡಿಯಾಯಿತು.

ಎಪ್ಪತ್ತರ ದಶಕ ಮುಗಿದು ಎಂಬತ್ತು ಹಿಡಿದಿದ್ದ ಕಾಲ ಅದು. ನಮ್ಮ ಗುಡ್ಡದ ಮನೆಗಳಿಂದ ಡಾಂಬರು ರಸ್ತೆಗೆ ಎರಡು ಮೈಲಿ ಕಾಲುದಾರಿ. ಮೊದಮೊದಲು ಯುವಕ ಮಂಡಲವೆಂದರೆ ಒಂದು ವಾಲಿಬಾಲು, ಅದಕ್ಕೊಂದು ಹರಿದ ನೆಟ್, ವರ್ಷಕ್ಕೊಂದು ಭಾಷಣ, ಅಷ್ಟೆ. ಗುಡ್ಡದ ತುದಿಯ ಬ್ಯಾರಿ ಮುಸ್ಲಿಮರ ಮನೆಯ ಸೊಸೆಗೆ ಹೆರಿಗೆ ನೋವು ಬಂದ ದಿನ ಅದು ಬದಲಾಯಿತು. ಗಂಡ ಗಲ್ಫಿನಲ್ಲಿದ್ದ. ನಾವು ನಾಲ್ವರು ಕಂಬಳಿಯ ಜೋಲಿ ಕಟ್ಟಿ ಆಕೆಯನ್ನು ಹೊತ್ತೆವು. ಜೋಲಿ ತೂಗುತ್ತಿತ್ತು, ಐವತ್ತು ಹೆಜ್ಜೆಗೊಮ್ಮೆ ಇಳಿಸುತ್ತಿದ್ದೆವು. ರಸ್ತೆಗೆ ತಲುಪಿ, ಜೀಪು ಸಿಕ್ಕಿ, ಪುತ್ತೂರಿನ ಆಸ್ಪತ್ರೆ ಮುಟ್ಟುವಾಗ ತಡವಾಗಿತ್ತು. ಆಕೆ ಉಳಿದಳು, ಮಗು ಉಳಿಯಲಿಲ್ಲ. ಅವಳ ಅತ್ತೆ ನಮ್ಮನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮುಂದಿನ ಭಾನುವಾರ ಯಾರೂ ಚೆಂಡು ಹೊರಗೆ ತೆಗೆಯಲಿಲ್ಲ. ಅಧ್ಯಕ್ಷರು ತಮ್ಮ ಮನೆಯ ಕೈಯಿರುವ ಬೆತ್ತದ ಕುರ್ಚಿಯನ್ನು ತಂದಿಟ್ಟರು. ಅದರ ಎರಡು ಬದಿಗೆ ಎರಡು ಬಿದಿರು ಕಟ್ಟಿ, ಹೆಗಲಿಗೆ ಪಟ್ಟಿ ಹೊಲಿಸಿ, ಹೊರುವ ಕುರ್ಚಿ ಮಾಡಿದೆವು. ಮಂಡಲದಲ್ಲಿ ಇದ್ದ ಒಳ್ಳೆಯ ಕುರ್ಚಿಯೂ ಅದೊಂದೇ. ಆದ್ದರಿಂದ ವಾರ್ಷಿಕೋತ್ಸವಕ್ಕೆ ಬಿದಿರು ಬಿಚ್ಚಿ ಮುಖ್ಯ ಅತಿಥಿಗಳನ್ನು ಅದರಲ್ಲೇ ಕೂರಿಸುತ್ತಿದ್ದೆವು. ಕಾಲು ಮುರಿದವರು, ಹಾವು ಕಚ್ಚಿದವರು, ವಿಷಮ ಜ್ವರದವರು ಕುಳಿತ ಜಾಗ ಅದೆಂದು ಯಾವ ಅತಿಥಿಗೂ ನಾವು ಹೇಳಿದ್ದಿಲ್ಲ.

ಕುರ್ಚಿಯನ್ನು ಹೊರಲಿಕ್ಕೆ ಕ್ರಮ ಉಂಟು. ಮುಂದೊಬ್ಬ, ಹಿಂದೊಬ್ಬ, ಇಬ್ಬರೂ ಸಮ ಎತ್ತರದವರಾಗಬೇಕು. ಮಂಡಲದ ಗೋಡೆಯಲ್ಲಿ ಎಲ್ಲರ ಎತ್ತರವನ್ನು ಮಸಿಯಿಂದ ಗೀಟು ಹಾಕಿ ಜೋಡಿ ಮಾಡಿದ್ದೆವು. ನನ್ನ ಗೀಟೂ ಗೆಳೆಯನ ಗೀಟೂ ಒಂದೇ. ಹಿಂದೆ ಹೊರುವವನಿಗೆ ಕುಳಿತವರ ಬೆನ್ನಲ್ಲದೆ ಬೇರೇನೂ ಕಾಣುವುದಿಲ್ಲ, ತನ್ನ ಕಾಲೂ ಕಾಣುವುದಿಲ್ಲ. ಅದಕ್ಕಾಗಿ ಮುಂದಿನವನು ದಾರಿಯುದ್ದಕ್ಕೂ ಕೂಗಿ ಹೇಳುತ್ತ ಹೋಗಬೇಕು: ಕಲ್ಲು, ತಗ್ಗು, ಎಡಕ್ಕೆ ಬೇರು. ಹಿಂದಿನವನು 'ಸರಿ' ಎನ್ನಬೇಕು. ಮಾತಿಲ್ಲದೆ ಆ ಕುರ್ಚಿ ಹತ್ತು ಹೆಜ್ಜೆ ಹೋಗುವುದಿಲ್ಲ.

ನಾವು ಮಾತು ಬಿಟ್ಟು ಎರಡು ತಿಂಗಳಾಗಿದ್ದ ಒಂದು ಭಾನುವಾರ ಮಂಡಲದವರೆಲ್ಲ ಸುಳ್ಯಕ್ಕೆ ವಾಲಿಬಾಲ್ ಪಂದ್ಯಾಟಕ್ಕೆ ಹೋಗಿದ್ದರು. ಅವನು ಹೋಗುತ್ತಾನೆಂದು ನಾನು ಹೋಗಲಿಲ್ಲ. ನಾನು ಹೋಗುತ್ತೇನೆಂದು ಅವನು ಹೋಗಲಿಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ಬ್ಯಾರಿಗಳ ಮನೆಯ ಅತ್ತೆ ಏದುಸಿರು ಬಿಡುತ್ತ ಬಂದರು. ನಡುವೆ ಗಂಡ ರಜೆಯಲ್ಲಿ ಬಂದು ಹೋಗಿದ್ದ; ಸೊಸೆಗೆ ಮತ್ತೆ ದಿನ ತುಂಬಿತ್ತು, ನೋವು ಶುರುವಾಗಿತ್ತು. ಮಂಡಲಕ್ಕೆ ಓಡಿದೆ. ಅತ್ತೆ ಅವನ ಮನೆಗೇ ಮೊದಲು ಹೋಗಿರಬೇಕು; ಅಲ್ಲಿ ನನಗಿಂತ ಮೊದಲೇ ಬಂದು ಅವನು ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ. ಇಡೀ ಊರಿನಲ್ಲಿ ಉಳಿದ ಗಟ್ಟಿ ಹೆಗಲು ನಾವಿಬ್ಬರೇ.

ಅವಳ ಮನೆಯಿಂದ ಹೊರಟಾಗ ಅವನು ಮುಂದೆ, ನಾನು ಹಿಂದೆ. ನಡುವೆ ಕುರ್ಚಿಯಲ್ಲಿ ಆಕೆ. ಅತ್ತೆ ಬಟ್ಟೆಯ ಗಂಟು ಹಿಡಿದು ಪಕ್ಕದಲ್ಲಿ. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ನಾನು ಒಂದು ಕಲ್ಲಿಗೆ ಎಡವಿದೆ. ಮುಂದಿನಿಂದ ಚಕಾರವಿಲ್ಲ. ಸ್ವಲ್ಪ ಹೊತ್ತಿಗೆ ಅವನು ಮೆಲ್ಲಗೆ ಆಕೆಗೆ ಹೇಳಿದ: "ಹಿಂದಿನವರಿಗೆ ಹೇಳಿ, ತಗ್ಗು ಉಂಟು."

"ತಗ್ಗು ಉಂಟಂತೆ" ಎಂದಳು ಆಕೆ.

"ಗೊತ್ತಾಯ್ತು ಅಂತ ಹೇಳಿ" ಎಂದೆ ನಾನು.

"ಗೊತ್ತಾಯ್ತಂತೆ."

ಹೀಗೆ ಅರ್ಧ ಮೈಲಿ ಹೋದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ. ಹೆರಿಗೆ ನೋವಿನ ಹೆಂಗಸು ನಮ್ಮಿಬ್ಬರ ನಡುವೆ ಅಂಚೆಯವಳಂತೆ ಕಲ್ಲು, ಬೇರುಗಳ ಸುದ್ದಿ ದಾಟಿಸುತ್ತಿದ್ದಳು. ಅತ್ತೆ ನಮ್ಮ ಮುಖ ಮುಖ ನೋಡಿದರು. "ಇವರಿಗೆ ಎಂತ ಆಗಿದೆ ಮಾರಾಯ್ತಿ?" ಎಂದು ಸೊಸೆಯನ್ನೇ ಕೇಳಿದರು.

ತೋಡಿನ ಸಂಕ ಬಂದಾಗ ನೋವು ಜೋರಾಯಿತು. ಎರಡು ಮರದ ಕಾಂಡಗಳನ್ನು ತೊರೆಯ ಆಚೆ ದಡಕ್ಕೆ ಹಾಸಿದ್ದೇ ಆ ಸಂಕ. ಕೆಳಗೆ ಆಳೆತ್ತರದ ತಗ್ಗು, ಬರೀ ಬಂಡೆ. ಆಕೆ ಕಣ್ಣು ಮುಚ್ಚಿ ಕುರ್ಚಿಯ ಕೈ ಹಿಡಿದು ನರಳಿದಳು. ಅವನು ಸಂಕದ ಮುಂದೆ ನಿಂತ. "ಹಿಂದಿನವರಿಗೆ ಹೇಳಿ..." ಎಂದು ಶುರುಮಾಡಿದ.

"ನಾನು ಹೇಳುದಿಲ್ಲ" ಎಂದಳು ಆಕೆ. ಹಲ್ಲು ಕಚ್ಚಿ, ಒಂದೊಂದೇ ಮಾತನ್ನು ಎಳೆದು ತೆಗೆದಳು. "ನಿಮ್ಮ ಜಗಳ ನಿಮಗೆ. ಒಂದನ್ನು ಇದೇ ದಾರಿಯಲ್ಲಿ ಕಳ್ಕೊಂಡಿದ್ದೇನೆ. ಮಾತಾಡ್ಲಿಕ್ಕೆ ಆಗದಿದ್ರೆ ನನ್ನನ್ನು ಇಳಿಸಿ, ನಾನು ನಡೀತೇನೆ."

ಆಕೆಯ ಬೆನ್ನನ್ನೇ ಅಷ್ಟು ಹೊತ್ತಿನಿಂದ ನೋಡುತ್ತಿದ್ದೆ. ಅದರಲ್ಲಿ ಒಂದು ಹೆದರಿದ ಜೀವ ಉಂಟೆಂದು ನನಗೆ ತೋಚಿರಲಿಲ್ಲ. ಅಂಗಿಯ ತೂತು, ಆಕಾಶಕ್ಕೆ ಹೇಳಿದ ವಂದನೆ, ಎಲ್ಲ ನನಗೇ ಅಸಹ್ಯವೆನಿಸಿತು.

"ಮಾತಾಡು ಮಾರಾಯ" ಎಂದೆ. "ನನಗೆ ಎಂತದೂ ಕಾಣುದಿಲ್ಲ."

"ಸಂಕ" ಎಂದ ಅವನು ತಕ್ಷಣ. ಎರಡು ತಿಂಗಳು ಗಂಟಲಲ್ಲಿ ಇಟ್ಟುಕೊಂಡವನ ಹಾಗಿತ್ತು ಸ್ವರ. "ಬಲಗಾಲು ಮೊದಲು ಇಡು. ಮರ ಚಂಡಿ ಉಂಟು, ಜಾರ್ತದೆ, ಅಂಗಾಲು ಪೂರ್ತಿ ಊರು. ಎಡ. ಬಲ. ನಿಲ್ಲು, ಇಲ್ಲಿ ಗಂಟು. ಗಂಟಿನ ಆಚೆ ಇಡು. ಎಡ."

"ಸರಿ" ಎಂದೆ. ಪ್ರತಿ ಹೆಜ್ಜೆಗೂ ಸರಿ ಎಂದೆ. ಆಚೆ ದಡಕ್ಕೆ ನನ್ನ ಕಾಲು ತಾಗಿದಾಗ ಅತ್ತೆ ಹಿಂದಿನಿಂದ ದೇವರ ಹೆಸರು ಹೇಳುವುದು ಕೇಳಿಸಿತು.

ಅಲ್ಲಿಂದ ಅವನ ಬಾಯಿಗೆ ಬಿಡುವಿರಲಿಲ್ಲ. ಕಲ್ಲಿಗೆ ಕಲ್ಲು ಹೇಳಿದ, ಹುಲ್ಲಿಗೆ ಹುಲ್ಲು ಹೇಳಿದ. ಮಧ್ಯದಲ್ಲಿ ಅದೇ ಉಸಿರಿನಲ್ಲಿ, "ತಗ್ಗು. ನಿನ್ನ ಹೆಸರು ಚೀಟಿಯಲ್ಲಿ ಇತ್ತು. ಬಲಕ್ಕೆ ಬೇರು. ಚೀಟಿಯ ಹಿಂದಿನ ಬದಿಯಲ್ಲಿ ಬರೆದಿದ್ದೆ, ಮಗುಚ್ಲಿಕ್ಕೆ ಮರೆತೆ" ಎಂದ.

"ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ನೀನೇ ಅಲ್ವಾ ಮಾತಾಡ್ಬೇಡ ಅಂದದ್ದು. ಕಲ್ಲು."

ಕುರ್ಚಿಯಲ್ಲಿ ಆಕೆ ನಕ್ಕಳೋ ನರಳಿದಳೋ ನನಗೆ ತಿಳಿಯಲಿಲ್ಲ. ರಸ್ತೆಯಲ್ಲಿ ಜೀಪು ಸಿಕ್ಕಿತು. ಹಿಂದಿನ ಸಲ ಹೊತ್ತ ಸಮಯದ ಅರ್ಧದಲ್ಲಿ ಬಂದಿದ್ದೆವು. ಸೊಸೆಯನ್ನೂ ಅತ್ತೆಯನ್ನೂ ಹತ್ತಿಸಿ, ಜೀಪು ತಿರುವಿನಲ್ಲಿ ಮರೆಯಾಗುವ ತನಕ ನಿಂತೆವು. ಮನೆಗೆ ಹೋಗಲು ಇಬ್ಬರಿಗೂ ಕಾಲು ಬರಲಿಲ್ಲ. ರಸ್ತೆ ಬದಿಯ ಹೋಟೆಲಿನ ಬೆಂಚಿನಲ್ಲಿ ಕುಳಿತೆವು. ನಾನು ನಾಲ್ಕು ಚಹಾ ಕುಡಿದೆ, ಒಂದರ ರುಚಿಯೂ ನೆನಪಿಲ್ಲ.

ಮಧ್ಯಾಹ್ನ ಜೀಪು ಮರಳಿತು. ಚಾಲಕ ಇಳಿಯದೆ, ಇಂಜಿನ್ ನಿಲ್ಲಿಸದೆ, ಕಿಟಕಿಯಿಂದ ಹೇಳಿದ: "ಹೆಣ್ಣು. ಇಬ್ಬರೂ ಚಂದ ಇದ್ದಾರೆ." ನನ್ನ ಗೆಳೆಯ ಮುಖ ಒರೆಸಲು ಅಂಗಿಯ ತುದಿ ಎತ್ತಿದವನು ಬಹಳ ಹೊತ್ತು ಅದನ್ನು ಇಳಿಸಲಿಲ್ಲ. ನಾನು ರಸ್ತೆಯ ಆಚೆ ಬದಿಯ ಮೈಲಿಗಲ್ಲನ್ನು ಓದುತ್ತ ನಿಂತೆ.

ಖಾಲಿ ಕುರ್ಚಿಯನ್ನು ಮಂಡಲಕ್ಕೆ ಮುಟ್ಟಿಸಬೇಕಿತ್ತು. ಬಿದಿರು ಬಿಚ್ಚಿ ಒಬ್ಬ ತಲೆಯ ಮೇಲಿಟ್ಟುಕೊಂಡರೆ ಸಾಕು, ಅಷ್ಟೇ ಭಾರ. ಆದರೆ ಅವನು ಮುಂದಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡ. ನಾನು ಹಿಂದಿನದನ್ನು ಹಾಕಿಕೊಂಡೆ. ಗುಡ್ಡ ಹತ್ತತೊಡಗಿದೆವು.

"ಕಲ್ಲು" ಎಂದ ಅವನು, ಹಿಂದೆ ತಿರುಗದೆ.

"ಸರಿ."

"ಎಡಕ್ಕೆ ಬೇರು."

"ಸರಿ."

ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಕಲ್ಲು, ಬೇರು, ದೂರದ ಸಂಕ, ಅವನ ಬೆವತ ಬೆನ್ನು, ಎಲ್ಲ ನನಗೆ ಸ್ವಚ್ಛವಾಗಿ ಕಾಣುತ್ತಿತ್ತು. ಮಂಡಲ ತಲುಪುವ ತನಕ ನಾನು ಅದನ್ನು ಅವನಿಗೆ ಹೇಳಲಿಲ್ಲ.