ಬೀಟೆ ಮರದ ಕೆಳಗೊಂದು ಗಾಜಿನ ಹಂಚು

ಕಾರ್ಕಳದ ನಮ್ಮ ಅಡುಗೆಮನೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚಿತ್ತು. ಅದರಿಂದ ಇಳಿಯುವ ಅಂಗೈಯಗಲದ ಬೆಳಕು ಬೆಳಗಿನ ಹೊತ್ತು ಅರೆಯುವ ಕಲ್ಲಿನ ಮೇಲೆ ಬಂದು ಕೂರುತ್ತಿತ್ತು. ಅಮ್ಮನೂ ಆಗಲೇ ಬಂದು ಕೂರುತ್ತಿದ್ದಳು. ಆ ಬೆಳಕಿನಲ್ಲಿ ಅಲುಗುವ ಎಲೆಗಳ ನೆರಳು ಹಿತ್ತಿಲ ಬೀಟೆ ಮರದ್ದು. ನಿಮಗೂ ಗೊತ್ತಿರಬಹುದು, ಬೀಟೆ ನಮ್ಮ ಜಾಗದಲ್ಲಿ ಬೆಳೆದರೂ ನಾವು ಮುಟ್ಟುವಂತಿಲ್ಲ, ಅದು ಸರ್ಕಾರದ ಮರ. ಎಂಬತ್ತರ ದಶಕದ ಒಂದು ಬೇಸಗೆಯಲ್ಲಿ, ಮಾಡಿನ ಮೇಲೆ ಚಾಚಿದ್ದ ಕೊಂಬೆಯನ್ನಷ್ಟೇ ಕಡಿಯಲು ಅನುಮತಿ ಸಿಕ್ಕಿತು.

ಮರ ಹತ್ತಿದವರು ನೆರೆಮನೆಯ ಸೀನಣ್ಣ; ನಾವು ಕ್ರಿಸ್ತಿಯನ್ನರಾದ್ದರಿಂದ ಅವರು ಅಮ್ಮನನ್ನು ಊರ ರೂಢಿಯಂತೆ ಬಾಯಮ್ಮ ಎನ್ನುತ್ತಿದ್ದರು. ಕೊಂಬೆಗೆ ಬಿಗಿದ ಹಗ್ಗವನ್ನು ಅಂಗಳದ ಕಡೆಗೆ ಎಳೆಯಲು ನಾನೂ, ಮಸ್ಕತ್ತಿನಿಂದ ರಜೆಯಲ್ಲಿ ಬಂದಿದ್ದ ಅಣ್ಣನೂ ನಿಂತೆವು. ಎಷ್ಟು ಕರೆದರೂ ಅಮ್ಮ ಹೊರಗೆ ಬರಲಿಲ್ಲ. ಕೆಲಸಕ್ಕೆ ಬಂದವರನ್ನು ಊಟ ಹಾಕದೆ ಕಳಿಸುವುದು ಅವಳಿಗೆ ಕೊಂಬೆ ಬೀಳುವುದಕ್ಕಿಂತ ದೊಡ್ಡ ಅನಾಹುತ. ಬಂಗುಡೆಗೆ ಮಸಾಲೆ ಅರೆಯುತ್ತಿದ್ದವಳು ಏನೋ ನೆನಪಾಗಿ, ಒದ್ದೆ ಕೈಯಲ್ಲೇ ಅಂಗಳಕ್ಕೆ ಬಂದು ಮೇಲೆ ನೋಡಿದಳು.

"ಸೀನಾ, ಇವತ್ತು ನಿಮಗೆ ತಿಂಗಳ ಸಂಕ್ರಾಂತಿ ಅಲ್ವಾ? ಮೀನು ತಿನ್ನಲಿಕ್ಕೆ ಉಂಟಾ?"

"ಇಲ್ಲ ಬಾಯಮ್ಮ. ಉಪ್ಪಿನಕಾಯಿ ಇದ್ದರೆ ಸಾಕು."

"ಅರೆಯುವ ಮೊದಲು ಹೇಳಬಾರದಾ ಮಾರಾಯ?"

ಸೀನಣ್ಣ ನಗುತ್ತಲೇ ಮತ್ತೊಂದು ಏಟು ಹಾಕಿದರು. ಕೊಂಬೆ ಎಣಿಸಿದ್ದಕ್ಕಿಂತ ಮೊದಲೇ ಸೀಳಿತು, ಹಗ್ಗ ನಮ್ಮ ಅಂಗೈ ಸುಲಿದುಕೊಂಡು ಓಡಿತು, ಗಾಜಿನ ಹಂಚು ಒಡೆದು ಕೊಂಬೆಯ ತುದಿ ನೇರ ಅರೆಯುವ ಕಲ್ಲಿನ ಮೇಲೆ ಬಿತ್ತು. ಒಳಗೆ ಹೋಗಿ ನೋಡಿದರೆ ಕೆಂಪು ಮಸಾಲೆಯ ತುಂಬ ಗಾಜಿನ ಚೂರು. ಪಕ್ಕದಲ್ಲಿ ಅಮ್ಮನ ಖಾಲಿ ಮಣೆ.

ಅಣ್ಣ, ಬುಡಕ್ಕೆ ಏನಾದರೂ ಸುರಿದು ಮರವನ್ನೇ ಒಣಗಿಸಿಬಿಡುವ ಎಂದ. ನಾನು ಹೇಳಿದೆ, "ತಪ್ಪಿದ್ದು ನಮ್ಮ ಹಗ್ಗ, ಮರವಲ್ಲ." ಉಳಿದ ಕೊಂಬೆಯನ್ನು ಆ ಮಧ್ಯಾಹ್ನವೇ ತುದಿಯಿಂದ ತುಂಡುತುಂಡಾಗಿ ಇಳಿಸಿದೆವು. ಅಮ್ಮನನ್ನು ಒಳಗೆ ಬಿಡಲಿಲ್ಲ. ಅಂಗಳದಲ್ಲೇ ಮೂರು ಕಲ್ಲಿಟ್ಟು ಅವಳು ಸೌತೆಕಾಯಿ ಸಾರು ಕುದಿಸಿದಳು.

ಇಂದಿಗೂ ಆ ಸೀಳುವ ಸದ್ದಿಗೆ ಬೆಚ್ಚುತ್ತೇನೆ. ಸಂಕ್ರಾಂತಿ ಮರುದಿನವಾಗಿದ್ದರೆ? ನಮ್ಮ ಎಚ್ಚರಿಕೆಯ ಮಾತಿಗೆ ಏಳದವಳನ್ನು ಎಬ್ಬಿಸಿದ್ದು ಇನ್ನೊಬ್ಬರ ಊಟದ ಎಲೆಯಲ್ಲಿ ಏನಿರಬೇಕು, ಏನಿರಬಾರದು ಎಂಬ ಚಿಂತೆ.

ಒಡೆದಲ್ಲಿಗೆ ಅಣ್ಣ ಮಣ್ಣಿನ ಹಂಚು ತಂದ. ನಾನು ಅದನ್ನು ಬದಿಗಿಟ್ಟು ಗಾಜಿನದನ್ನೇ ತರಿಸಿದೆ. ಎಲೆಯ ನೆರಳು ಈಗ ಬೆಳಕಿನ ಅಂಚಿನಲ್ಲಿ ಮಾತ್ರ ಅಲುಗುತ್ತದೆ. ಅಮ್ಮ ಕೂರುತ್ತಿದ್ದ ಕಲ್ಲಿನ ಮುಂದೆ ಕೂರುವ ಮೊದಲು ನಾನು ತಲೆಯೆತ್ತಿ ಮರವನ್ನೊಮ್ಮೆ ನೋಡುತ್ತೇನೆ, ಆಮೇಲೆ ಅರೆಯಲು ತೊಡಗುತ್ತೇನೆ.